ಒಂದೊಂದು ಠಾಣೆಯಲ್ಲಿ ಒಂದೊಂದು ಸಾವು

ಓದುಗರ ಪ್ರಶ್ನೆಗಳಿಗೆ ಈ ವಾರ ಉತ್ತರಿಸಿದವರು ಮೈಸೂರಿನ ನಿವೃತ್ತ ವಿಧಿವೈದ್ಯಶಾಸ್ತ್ರ ತಜ್ಞರು.

ಪ್ರಶ್ನೆ: ಸರಣಿ ಕೊಲೆಗಾರನ ಕಥೆಯಿರುವ ವೆಬ್ ಸೀರೀಸ್ ಒಂದನ್ನು ಒಂದೇ ರಾತ್ರಿ ಕೂತು ನೋಡಿ ಮುಗಿಸಿದೆ. ಅದರಲ್ಲಿ ಅವನು ಮಹಾ ಬುದ್ಧಿವಂತ, ಜೊತೆಗೆ ಹುಚ್ಚ. ನಿಜವಾಗಲೂ ಇಂಥವರು ಹುಚ್ಚರಾ ಸರ್? ಕೊಂದು ಇವರಿಗೆ ಸಿಗುವುದಾದರೂ ಏನು?
– ಬಿ.ಎಸ್ಸಿ. ವಿದ್ಯಾರ್ಥಿನಿ, ಸರಸ್ವತಿಪುರಂ, ಮೈಸೂರು

ಉತ್ತರ: ಹುಚ್ಚರು ಅಪರೂಪ ಕಣಮ್ಮ. ಇಲ್ಲವೆಂದಲ್ಲ. 1968ರಲ್ಲಿ ಮುಂಬೈಯಲ್ಲಿ ಸಿಕ್ಕಿಬಿದ್ದ ಸರಣಿ ಕೊಲೆಗಾರ ರಾಮನ್ ರಾಘವ್‌ಗೆ ಸ್ಕಿಜೋಫ್ರೇನಿಯಾ ಎಂಬ ತೀವ್ರ ಮನೋರೋಗ ಇದೆಯೆಂದು ವೈದ್ಯರು ಹೇಳಿದ್ದರಿಂದಲೇ ಅವನ ಗಲ್ಲು ಶಿಕ್ಷೆ ಜೀವಾವಧಿಗೆ ಇಳಿಯಿತು. ಆದರೆ ಹೆಚ್ಚಿನವರಿಗೆ ತಾವು ಮಾಡುತ್ತಿರುವುದೇನು, ಅದು ತಪ್ಪೋ ಸರಿಯೋ ಎಲ್ಲ ಗೊತ್ತಿರುತ್ತದೆ. ಗೊತ್ತಿರುವುದರಿಂದಲೇ ಲಾಡ್ಜಿನಲ್ಲಿ ಸುಳ್ಳು ಹೆಸರು ಬರೆಸುತ್ತಾರೆ. ‘ಸೈಕೋಪಾತ್’ (ಬೇರೆಯವರ ನೋವಿಗೆ ಮರುಕವೇ ಇಲ್ಲದವ) ಎಂಬ ಮಾತು ಈಗ ಕಾಲೇಜು ಕ್ಯಾಂಟೀನಿನಲ್ಲೂ ಓಡಾಡುತ್ತಿದೆ. ಅದನ್ನು ಅಳೆಯಲು ಕೆನಡಾದ ಮನಶ್ಶಾಸ್ತ್ರಜ್ಞ ರಾಬರ್ಟ್ ಹೇರ್ ಮಾಡಿಕೊಟ್ಟ ಪಟ್ಟಿಯಲ್ಲಿ 20 ಅಂಶಗಳಿವೆ, ಒಟ್ಟು 40 ಅಂಕ. ತರಬೇತಾದವರು ದೀರ್ಘ ಸಂದರ್ಶನ ಮಾಡಿ, ಹಳೆಯ ದಾಖಲೆ ನೋಡಿ ಹಾಕುವ ಅಂಕ ಅದು. ಮೊಬೈಲಿನಲ್ಲಿ ಬರುವ ಕ್ವಿಜ್ ಅಲ್ಲ.

ಏನು ಸಿಗುತ್ತದೆ ಅಂದೆ. ಸಿನಿಮಾದವರು ಮರೆಯುವ ಉತ್ತರವೊಂದಿದೆ: ದುಡ್ಡು, ಒಡವೆ. ಬೆಂಗಳೂರಿನ ಕೆಂಪಮ್ಮ, ಜನ ಸೈನೈಡ್ ಮಲ್ಲಿಕಾ ಅಂದವಳು, ದೇವಸ್ಥಾನಗಳಲ್ಲಿ ಕಷ್ಟ ಹೇಳಿಕೊಂಡು ಅಳುವ ಹೆಂಗಸರನ್ನು ಹುಡುಕುತ್ತಿದ್ದಳು. ಪೂಜೆ ಮಾಡಿಸಿದರೆ ಎಲ್ಲ ಸರಿಹೋಗುತ್ತದೆ ಅನ್ನುವಳು, ಒಡವೆ ಹಾಕಿಕೊಂಡು ಬಾ ಅನ್ನುವಳು. ಆಮೇಲೆ ಸೈನೈಡ್. 2007ರ ಕೊನೆಗೆ ಸಿಕ್ಕಿಬಿದ್ದಳು.

ಬಂಟ್ವಾಳ ಕಡೆಯ ಶಾಲಾ ಮೇಷ್ಟ್ರು ಮೋಹನ್ ಕುಮಾರ್ ಕೂಡ ಒಡವೆ ದೋಚಿದ. ಆದರೆ ಬರೀ ಒಡವೆಯ ಆಸೆಗೆ ಅಷ್ಟು ನಾಟಕ ಬೇಕಿರಲಿಲ್ಲ. ವರದಕ್ಷಿಣೆ ಬೇಡ, ನಿನ್ನನ್ನೇ ಮದುವೆಯಾಗುತ್ತೇನೆ ಎಂದು ಬಡಮನೆಯ ಹೆಣ್ಣುಮಕ್ಕಳನ್ನು ನಂಬಿಸಿ, ಊರು ಬಿಡಿಸಿ, ಲಾಡ್ಜಿನಲ್ಲಿ ಒಂದು ರಾತ್ರಿ ಕಳೆದು, ಬೆಳಿಗ್ಗೆ ಗರ್ಭ ನಿಲ್ಲದಿರಲಿ ಎಂಬ ನೆಪದಲ್ಲಿ ಸೈನೈಡ್ ಮಾತ್ರೆ ಕೊಡುವುದು. ಹೀಗೆ ಅವನ ಮೇಲೆ ಇಪ್ಪತ್ತು ಕೊಲೆ ಪ್ರಕರಣಗಳು. ಒಬ್ಬರು ತನ್ನನ್ನು ಪೂರ್ತಿ ನಂಬುವುದನ್ನು ನೋಡುವುದರಲ್ಲೇ ಒಂದು ಚಪಲ ಇರುತ್ತದೆ. ಚಿನ್ನ ಮತ್ತು ಆ ಚಪಲ ಎರಡೂ ಕಲಸಿಕೊಂಡಿದ್ದವು ಅಂತ ನನ್ನ ಅಭಿಪ್ರಾಯ. ಎಷ್ಟೋ ಸಲ ನಮಗೆ ಉತ್ತರವೇ ಸಿಗುವುದಿಲ್ಲ. ಇಂಗ್ಲೆಂಡಿನ ಡಾಕ್ಟರ್ ಹೆರಾಲ್ಡ್ ಶಿಪ್‌ಮನ್ ತನ್ನದೇ ರೋಗಿಗಳಲ್ಲಿ 215 ಜನರನ್ನು ಕೊಂದನೆಂದು ವಿಚಾರಣಾ ಆಯೋಗ ಹೇಳಿತು. ಯಾಕೆಂದು ಬಾಯಿ ಬಿಡದೆ 2004ರಲ್ಲಿ ಜೈಲಿನಲ್ಲೇ ಸತ್ತ.

ಇನ್ನು ಮಹಾ ಬುದ್ಧಿವಂತಿಕೆ. ಮೋಹನನ ಬುದ್ಧಿಯೆಲ್ಲ ಇದ್ದದ್ದು ಯಾರ ಮನೆಯವರು ಮರ್ಯಾದೆಗೆ ಅಂಜಿ ಠಾಣೆ ಮೆಟ್ಟಿಲು ಹತ್ತುವುದಿಲ್ಲ ಎಂದು ಅಂದಾಜು ಮಾಡುವುದರಲ್ಲಿ. ‘ಯಾರ ಜೊತೆಗೋ ಹೋದಳು, ಎಲ್ಲೋ ಚೆನ್ನಾಗಿರಲಿ’ ಎಂದು ತಂದೆ ಸುಮ್ಮನಾದರೆ ಅವನಿಗೆ ಅಷ್ಟೇ ಸಾಕು.

ಪ್ರಶ್ನೆ: 2022ರ ಜೂನ್‌ನಲ್ಲಿ ನಮ್ಮ ಜಿಲ್ಲೆಯಲ್ಲಿ ಇಬ್ಬರು ಹೆಂಗಸರ ಅರ್ಧರ್ಧ ದೇಹಗಳು ಸಿಕ್ಕಿದ್ದವು, ಪಾಂಡವಪುರ ತಾಲ್ಲೂಕಿನ ಬೇಬಿ ಗ್ರಾಮದ ಬಳಿ ಒಂದು, ಅರಕೆರೆ ಬಳಿ ಇನ್ನೊಂದು. ತಲೆಯೇ ಇಲ್ಲದ ಹೆಣ ಯಾರದೆಂದು ಪತ್ತೆ ಹಚ್ಚುವುದು ಹೇಗೆ? ಶಂಕಿತರಿಗೆಲ್ಲ ಮಂಪರು ಪರೀಕ್ಷೆ ಮಾಡಿಬಿಟ್ಟರೆ ಕೆಲಸ ಸುಲಭವಲ್ಲವೇ?
– ನಿವೃತ್ತ ಶಿಕ್ಷಕರು, ಮಂಡ್ಯ

ಉತ್ತರ: ಮೇಷ್ಟ್ರೇ, ಸೊಂಟದಿಂದ ಕೆಳಗಿನ ಭಾಗ ಸಿಕ್ಕರೂ ನಮಗೆ ಬೇಕಾದಷ್ಟು ಸಿಕ್ಕ ಹಾಗೆ. ಸೊಂಟದ ಮೂಳೆ ನೋಡಿದರೆ ಹೆಣ್ಣೋ ಗಂಡೋ ಗೊತ್ತಾಗುತ್ತದೆ. ಅದೇ ಮೂಳೆ ಮುಂಭಾಗದಲ್ಲಿ ಕೂಡುವ ಜಾಗ ಎಳೆಯ ವಯಸ್ಸಿನಲ್ಲಿ ಉತ್ತ ಹೊಲದ ಹಾಗೆ ಸಾಲು ಸಾಲಾಗಿರುತ್ತದೆ, ವಯಸ್ಸಾದಂತೆ ಸವೆದು ನುಣುಪಾಗುತ್ತದೆ. ತೊಡೆ ಮೂಳೆಯ ಉದ್ದದಿಂದ ಎತ್ತರ ಲೆಕ್ಕ ಹಾಕುತ್ತೇವೆ. ಸಿಸೇರಿಯನ್ ಗಾಯದ ಗುರುತು, ಕಾಲುಂಗುರ ಹಾಕಿ ಹಾಕಿ ಬೆರಳ ಸುತ್ತ ಬಿದ್ದ ತೆಳು ಪಟ್ಟಿ, ಇಂಥವೂ ಇರುತ್ತವೆ. ಡಿಎನ್‌ಎ ಇದ್ದೇ ಇದೆ, ಆದರೆ ಹೋಲಿಸಿ ನೋಡಲು ಯಾರಾದರೂ ತಾಯಿಯೋ ಮಗುವೋ ಎದುರಿಗೆ ಬಂದು ರಕ್ತ ಕೊಡಬೇಕು. ಅದಕ್ಕೂ ಮೊದಲು ‘ನಮ್ಮವಳು ಕಾಣುತ್ತಿಲ್ಲ’ ಎಂದು ಯಾರಾದರೂ ದೂರು ಕೊಟ್ಟಿರಬೇಕು.

ನೀವು ಹೇಳಿದ ಪ್ರಕರಣದ ಬೀಗ ತೆರೆದದ್ದು ಅಲ್ಲೇ. ಮಂಡ್ಯದ ಪೊಲೀಸರು ಕಾಣೆಯಾದ ಹೆಂಗಸರ ದೂರುಗಳನ್ನು ಒಂದೊಂದಾಗಿ ಜಾಲಾಡಿದರು. ಚಾಮರಾಜನಗರದಲ್ಲಿ ದಾಖಲಾಗಿದ್ದ ಒಂದು ದೂರು ತಾಳೆಯಾಯಿತು. ಆಕೆಯ ಮೊಬೈಲ್ ಕರೆಗಳ ಪಟ್ಟಿ ಹಿಡಿದು ಹೋಗಿ, ಆಗಸ್ಟ್ ಹೊತ್ತಿಗೆ ಒಬ್ಬ ಗಂಡಸು, ಒಬ್ಬ ಹೆಂಗಸನ್ನು ಬಂಧಿಸಿದರು. ಮೂರನೆಯ ಕೊಲೆಯೂ ಆಗಿದೆ, ಹಳೆಯ ಸೇಡೇ ಕಾರಣ ಎಂದು ಪೊಲೀಸರು ಹೇಳಿದರು. ತೀರ್ಮಾನ ಕೋರ್ಟಿನದು.

ಈಗ ಇದರ ಪಕ್ಕದಲ್ಲಿ ನಮ್ಮ ಮೈಸೂರಿನ ಬಸ್ ನಿಲ್ದಾಣವನ್ನು ಇಟ್ಟು ನೋಡಿ. ಮೋಹನ್ ಕುಮಾರ್ ಕರೆತಂದ ಹೆಣ್ಣುಮಕ್ಕಳಲ್ಲಿ ಕೆಲವರು ಸತ್ತದ್ದು ಅಲ್ಲಿನ ಶೌಚಾಲಯದಲ್ಲಿ. ಬಾಗಿಲಿಗೆ ಒಳಗಿನಿಂದ ಚಿಲಕ. ಮೈಮೇಲೆ ಗಾಯವಿಲ್ಲ, ಹತ್ತಿರ ಗುರುತಿನ ಚೀಟಿ ಇಲ್ಲ. ಆತ್ಮಹತ್ಯೆ ಇರಬೇಕು ಎಂದು ಯುಡಿಆರ್, ಅಂದರೆ ಅಸಹಜ ಸಾವಿನ ಪ್ರಕರಣ. ಮಡಿಕೇರಿಯಲ್ಲಿ ಇನ್ನೊಂದು ಯುಡಿಆರ್, ಬೇರೆ ಊರಲ್ಲಿ ಮತ್ತೊಂದು. ಕತ್ತರಿಸಿದ ಹೆಣ ಸಿಕ್ಕಾಗ ಇಡೀ ಜಿಲ್ಲೆಯ ಪೊಲೀಸರು ನಿದ್ದೆಗೆಟ್ಟರು. ಇಡೀ ಹೆಣ ಸಿಕ್ಕಾಗ ಮೂರು ಹಾಳೆಯ ಕಡತವಾಗಿ ಕಪಾಟು ಸೇರಿತು.

ಸೈನೈಡ್ ಗೊತ್ತಾಗುವುದಿಲ್ಲವೇ ಎಂದು ಕೇಳಬಹುದು. ಸತ್ತ ಮೇಲೆ ರಕ್ತ ಕೆಳಗಿಳಿದು ಹೆಣದ ಮೇಲೆ ಮೂಡುವ ಕಲೆ ನೀಲಿಯಾಗುವ ಬದಲು ಕೆಂಪಗೆ ಕಾಣುತ್ತದೆ. ಹೊಟ್ಟೆ ತೆರೆದರೆ ಕಹಿ ಬಾದಾಮಿಯ ವಾಸನೆ ಬರುತ್ತದೆ ಎಂದು ಪುಸ್ತಕದಲ್ಲಿದೆ. ಆದರೆ ಆ ವಾಸನೆ ಎಲ್ಲರ ಮೂಗಿಗೂ ಹತ್ತುವುದಿಲ್ಲ, ಅದು ಹುಟ್ಟಿನಿಂದ ಬರುವ ಗುಣ. ನನ್ನ ಮೂಗಿಗಂತೂ ಹತ್ತದು. ನಮ್ಮ ಶವಾಗಾರದಲ್ಲಿದ್ದ ಹಳಬನೊಬ್ಬ ಬಾಗಿಲಲ್ಲೇ ನಿಂತು ‘ಸಾ, ಇದು ಅದೇ’ ಅನ್ನುತ್ತಿದ್ದ. ಅವನ ಮೂಗನ್ನು ಕೋರ್ಟಿನಲ್ಲಿ ಸಾಕ್ಷಿಯಾಗಿ ಹಾಜರುಪಡಿಸಲು ಆಗುತ್ತದೆಯೇ? ಹಾಗಾಗಿ ಜಠರ, ಪಿತ್ತಜನಕಾಂಗ, ಮೂತ್ರಪಿಂಡದ ತುಂಡುಗಳನ್ನು ಉಪ್ಪು ನೀರಿನ ಬಾಟಲಿಗೆ ಹಾಕಿ, ಅರಗಿನ ಮೊಹರು ಒತ್ತಿ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸುತ್ತೇವೆ. ವರದಿ ಬರುವಷ್ಟರಲ್ಲಿ ತಿಂಗಳುಗಳೇ ಕಳೆಯಬಹುದು. ‘ಸೈನೈಡ್’ ಎಂದು ಬಂದರೂ ಅದು ತಾನಾಗಿ ನುಂಗಿದ್ದೋ ಬೇರೆಯವರು ನುಂಗಿಸಿದ್ದೋ ಎಂದು ಬಾಟಲಿ ಹೇಳುವುದಿಲ್ಲ.

ಕೊನೆಗೆ ಮೋಹನ್ ಸಿಕ್ಕಿದ್ದು 2009ರಲ್ಲಿ. ಬಂಟ್ವಾಳ ತಾಲ್ಲೂಕಿನ ಒಬ್ಬ ಹುಡುಗಿ ಕಾಣೆಯಾದಾಗ ಊರವರು ಗಲಾಟೆ ಮಾಡಿದರು. ಆಕೆಯ ಕರೆಗಳ ಪಟ್ಟಿ ತೆಗೆದರೆ ಬಂದ ನಂಬರು ಕಾಣೆಯಾದ ಇನ್ನೊಬ್ಬ ಹುಡುಗಿಯದು. ಸತ್ತವರ ಸಿಮ್ಮನ್ನೇ ಅವನು ಮುಂದಿನವರಿಗೆ ಕರೆ ಮಾಡಲು ಬಳಸಿದ್ದ. ಹಾಗೆ ಒಂದರ ಹಿಂದೆ ಒಂದು ಹೆಸರು ಹೊರಬಂತು.

ಮಂಪರು ಪರೀಕ್ಷೆಯ ಮಾತು: ಒಪ್ಪಿಗೆ ಇಲ್ಲದೆ ಮಾಡುವಂತಿಲ್ಲ ಎಂದು 2010ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ, ಅದೂ ನಮ್ಮ ಕರ್ನಾಟಕದ್ದೇ ಸೆಲ್ವಿ ಪ್ರಕರಣದಲ್ಲಿ. ಅಮಲಿನಲ್ಲಿರುವವನು ನಿಜವನ್ನೂ ಹೇಳುತ್ತಾನೆ, ನೀವು ಕೇಳಬೇಕೆಂದಿರುವುದನ್ನೂ ಹೇಳುತ್ತಾನೆ. ಸುಳ್ಳು ಪತ್ತೆ ಯಂತ್ರದ ಕಥೆಯೂ ಅಷ್ಟೇ. ಅಮೆರಿಕದ ಸರಣಿ ಕೊಲೆಗಾರ ಗ್ಯಾರಿ ರಿಡ್ಜ್‌ವೇ 1984ರಲ್ಲಿ ಆ ಪರೀಕ್ಷೆ ಪಾಸಾಗಿ ಮನೆಗೆ ಹೋದ. 1987ರಲ್ಲಿ ಅವನಿಂದ ತೆಗೆದಿಟ್ಟಿದ್ದ ಎಂಜಲು 2001ರಲ್ಲಿ ಸತ್ತವರ ಮೈಯಲ್ಲಿ ಸಿಕ್ಕಿದ್ದ ಡಿಎನ್‌ಎಗೆ ಹೊಂದಿಕೆಯಾಯಿತು. ಆಮೇಲೆ 48 ಕೊಲೆ ಒಪ್ಪಿಕೊಂಡ. ಆ ಎಂಜಲನ್ನು ಹದಿನಾಲ್ಕು ವರ್ಷ ಕೆಡದಂತೆ ಕಾಪಾಡಿದ ಗುಮಾಸ್ತ ಯಾರೋ, ನನಗೆ ಅವನ ಮೇಲೇ ಹೆಚ್ಚು ಗೌರವ.

ಪ್ರಶ್ನೆ: ನನ್ನ ಮಗನಿಗೆ ಒಂಬತ್ತು ವರ್ಷ. ಬೀದಿ ನಾಯಿಮರಿಗಳಿಗೆ ಕಲ್ಲು ಹೊಡೆಯುತ್ತಾನೆ, ಇನ್ನೂ ಹಾಸಿಗೆಯಲ್ಲಿ ಉಚ್ಚೆ ಮಾಡಿಕೊಳ್ಳುತ್ತಾನೆ. ಕೊಲೆಗಾರರು ಚಿಕ್ಕಂದಿನಲ್ಲಿ ಹೀಗೇ ಇರುತ್ತಾರೆ ಅಂತ ಯೂಟ್ಯೂಬಲ್ಲಿ ನೋಡಿದಾಗಿಂದ ನಿದ್ದೆ ಬರ್ತಿಲ್ಲ.
– ಗೃಹಿಣಿ, ಶ್ರೀರಂಗಪಟ್ಟಣ

ಉತ್ತರ: ನಿದ್ದೆ ಮಾಡಿ ತಾಯಿ. ಹಾಸಿಗೆ ಒದ್ದೆ, ಬೆಂಕಿ ಹಚ್ಚುವುದು, ಪ್ರಾಣಿ ಹಿಂಸೆ ಎಂಬ ಆ ಮೂರರ ಪಟ್ಟಿ 1963ರಷ್ಟು ಹಳೆಯದು, ಆಮೇಲಿನ ಅಧ್ಯಯನಗಳಲ್ಲಿ ಅದು ನಿಲ್ಲಲಿಲ್ಲ. ಹಾಸಿಗೆ ಒದ್ದೆಯಾಗುವುದಕ್ಕೂ ಕ್ರೌರ್ಯಕ್ಕೂ ಸಂಬಂಧವಿಲ್ಲ. ಅದಕ್ಕೆ ಮಕ್ಕಳ ಡಾಕ್ಟರು ಸಾಕು, ಬೈಯಬೇಡಿ. ಕಲ್ಲು ಹೊಡೆಯುವುದನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಎಷ್ಟೋ ಸಲ ಅಂಥ ಹುಡುಗನಿಗೆ ಬೇರೆ ಯಾರೋ ಹೊಡೆಯುತ್ತಿರುತ್ತಾರೆ, ಮನೆಯಲ್ಲೋ ಟ್ಯೂಷನ್ನಿನಲ್ಲೋ. ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದನ್ನೊಂದು ಕೇಳಿ. ಹೇಳದಿದ್ದರೆ ಮೈಸೂರಿನ ಕೆ.ಆರ್. ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಕರೆದುಕೊಂಡು ಬನ್ನಿ. ಅದಕ್ಕೂ ಮೊದಲು ಯಾರ ಹತ್ತಿರವಾದರೂ ಮಾತಾಡಬೇಕು ಅನ್ನಿಸಿದರೆ ಸರ್ಕಾರದ ಟೆಲಿಮಾನಸ್ ಸಹಾಯವಾಣಿ 14416. ಕನ್ನಡದಲ್ಲೇ ಮಾತಾಡುತ್ತಾರೆ.