ರಾತ್ರಿಯೂ ತೆಗೆಯದ ಹಲ್ಲು ಸೆಟ್ಟು

ಹೆಸರು, ಊರು, ಮನೆಯ ವಿವರ ಎಲ್ಲ ಬದಲಿಸಿದ್ದೇನೆ. ಅವರನ್ನು ಲಕ್ಷ್ಮಮ್ಮ ಅಂತ ಕರೆಯೋಣ. ವಯಸ್ಸು 62. ಸಕ್ಕರೆ ಕಾಯಿಲೆ ಇತ್ತು, ವಸಡು ಸಡಿಲವಾಗಿ ಹಲ್ಲೆಲ್ಲ ಅಲ್ಲಾಡುತ್ತಿದ್ದವು. ಉಳಿದಿದ್ದ 14 ಹಲ್ಲನ್ನೂ ಕೀಳಿಸಿ, ಗಾಯ ಮಾಗಲು ಮೂರು ತಿಂಗಳು ಬಿಟ್ಟು, ಮೇಲೂ ಕೆಳಗೂ ಪೂರ್ತಿ ಸೆಟ್ಟು ಹಾಕಿಸಿಕೊಂಡಿದ್ದರು. ಐದು ವಾರವಾದರೂ ಹೊಂದಿಕೊಂಡಿರಲಿಲ್ಲ. "ಅಮ್ಮ ಯಾರ ಜೊತೇನೂ ಊಟಕ್ಕೆ ಕೂರಲ್ಲ" ಅಂತ ಮಗಳು ಸಲಹೆಗೆ ನನ್ನ ಹತ್ತಿರ ಕರೆದುಕೊಂಡು ಬಂದಳು.

ಸೆರಗನ್ನು ಬಾಯಿಗೆ ಅಡ್ಡ ಹಿಡಿದೇ ಮಾತಾಡಿದರು. "ಸೆಟ್ಟೇ ಸರಿಯಿಲ್ಲ ಮೇಡಂ. ದುಡ್ಡು ದಂಡ." ಮಗಳನ್ನು ಹೊರಗೆ ಕೂರಿಸಿ, ದಿನ ಹೇಗೆ ಕಳೆಯುತ್ತೆ ಅಂತ ಕೇಳುತ್ತಾ ಹೋದೆ. ರಾತ್ರಿಯ ಮಾತು ಬಂದಾಗ ಸುಮ್ಮನಾದರು. ಆಮೇಲೆ ಹೇಳಿದರು, ಮಲಗುವಾಗಲೂ ಸೆಟ್ಟು ಬಾಯಲ್ಲೇ. ಬೆಳಗಿನ ಜಾವ ಎದ್ದು, ಬಚ್ಚಲ ಬಾಗಿಲು ಹಾಕಿಕೊಂಡು ತೊಳೆಯುತ್ತಾರೆ. "ನಮ್ಮನೆಯವರು ನನ್ನ ಬೊಚ್ಚು ಬಾಯಿ ನೋಡೋದು ಬೇಡ." ಹಲ್ಲು ಕೀಳಿಸಿದ ಮೇಲಿನ ಮೂರು ತಿಂಗಳು ಮಗಳ ಮನೆಯಲ್ಲಿ ಇದ್ದದ್ದೂ ಅದಕ್ಕೇ. ಮಗಳಿಗೂ ಅದು ಗೊತ್ತಿರಲಿಲ್ಲ.

ಹಗಲೂ ರಾತ್ರಿ ಒತ್ತಿಕೊಂಡೇ ಇದ್ದರೆ ವಸಡಿಗೆ ಬಿಡುವಿಲ್ಲ. ರಾತ್ರಿ ಎಂಜಲೂ ಕಮ್ಮಿ ಬರುತ್ತೆ. ಸೆಟ್ಟಿನ ಅಡಿ ಫಂಗಸ್ ಬೆಳೆಯೋದಕ್ಕೆ ಇಷ್ಟು ಸಾಕು. ಸಕ್ಕರೆ ಕಾಯಿಲೆ ಇದ್ದವರಿಗೆ ಈ ತೊಂದರೆ ಇನ್ನೂ ಜಾಸ್ತಿ. ಅದೇ ವಾರ ಡೆಂಟಿಸ್ಟ್ ಹತ್ತಿರ ಕಳಿಸಿದೆ. ರಾತ್ರಿ ಸೆಟ್ಟು ತೆಗೆದಿಡಿ, ಆದರೆ ಹೋಗುವ ಹಿಂದಿನ ದಿನ ನೋವಿದ್ದರೂ ಹಗಲು ಸ್ವಲ್ಪ ಹೊತ್ತು ಹಾಕಿಕೊಳ್ಳಿ, ಒತ್ತುವ ಜಾಗದ ಗುರುತು ಡಾಕ್ಟರಿಗೆ ಕಾಣಬೇಕು, ಮನೇಲಿ ಮಾತ್ರ ಸೆಟ್ಟನ್ನು ನೀವೇ ಉಜ್ಜಿ ತಿದ್ದೋಕೆ ಹೋಗಬೇಡಿ ಅಂದೆ. ಅಂಗುಳ ಕೆಂಪಾಗಿತ್ತಂತೆ. ಔಷಧಿ ಕೊಟ್ಟು, ಕೆಳಗಿನ ಸೆಟ್ಟನ್ನು ಒಂದು ಕಡೆ ತಿದ್ದಿದರು.

ಮನೆಯಲ್ಲಿ ಅವರಿಗೆ ಮೂರು ಹೊತ್ತೂ ಗಂಜಿ. ಮಗುವಿಗೆ ಉಣಿಸಿದ ಹಾಗೆ ಅನ್ನಿಸುತ್ತೆ ಅಂತ ಕಣ್ಣಲ್ಲಿ ನೀರು. "ಮುದ್ದೆ ಯಾಕೆ ಬಿಟ್ರಿ? ಅದನ್ನ ಅಗಿಯಲ್ಲ, ನುಂಗೋದು ಅಲ್ವಾ?" ಅಂದೆ. ಅವತ್ತು ಮೊದಲ ಸಲ ಸೆರಗು ಬಿಟ್ಟು ನನ್ನ ಮುಖ ನೋಡಿದರು. ಮುದ್ದೆ, ಸೊಪ್ಪಿನ ಸಾರು, ಮೆತ್ತಗೆ ಬೆಂದ ಕಾಳು, ಇಷ್ಟರಿಂದ ಶುರು ಮಾಡಿದೆವು. ಅಗಿಯುವಾಗ ಚಿಕ್ಕ ಚಿಕ್ಕ ತುತ್ತು, ಎರಡೂ ಕಡೆ ಒಟ್ಟಿಗೆ. ಒಂದೇ ಕಡೆ ಅಗಿದರೆ ಇನ್ನೊಂದು ಕಡೆ ಎದ್ದು ಬರುತ್ತೆ. ಕಾಫಿ ಆರಿಸಿ ಕುಡಿಯಿರಿ ಅಂತಲೂ ಹೇಳಿದೆ, ಅಂಗುಳ ಮುಚ್ಚಿರುವಾಗ ಬಿಸಿ ತಿಳಿಯೋದು ತಡ.

ಮೇಲಿನ ಸೆಟ್ಟು ಒದ್ದೆ ಲೋಟ ತಟ್ಟೆಗೆ ಅಂಟಿದ ಹಾಗೆ ಅಂಗುಳಕ್ಕೆ ಹಿಡಿಯುತ್ತೆ. ಕೆಳಗಿನದಕ್ಕೆ ಆ ಆಸರೆ ಇಲ್ಲ, ನಾಲಿಗೆ ಬೇರೆ ತಳ್ಳುತ್ತಿರುತ್ತೆ. ಅದಕ್ಕೇ ಕೆಳಗಿನದು ಒಗ್ಗೋದು ನಿಧಾನ. ಇದನ್ನು ಮೊದಲೇ ಯಾರಾದರೂ ಹೇಳಿದ್ದರೆ ಲಕ್ಷ್ಮಮ್ಮ ಇಷ್ಟು ಹೆದರುತ್ತಿರಲಿಲ್ಲ. ಸ, ಶ, ತ ತೊದಲುತ್ತಿದ್ದವು. ದಿನಾ ಹತ್ತು ನಿಮಿಷ ಪೇಪರ್ ಜೋರಾಗಿ ಓದಲು ಹೇಳಿದೆ.

ಎರಡನೇ ಸಲ, ಅವರು ಒಪ್ಪಿದ ಮೇಲೆ, ಯಜಮಾನರನ್ನೂ ಕರೆದೆ. "ಇವಳು ಗೋಡೆ ಕಡೆ ತಿರುಗಿ ಮಲಗ್ತಾಳೆ. ನನ್ ಮೇಲೆ ಏನೋ ಕೋಪ ಅಂದ್ಕೊಂಡಿದ್ದೆ" ಅಂದರು. ವಿಷಯವನ್ನು ನಾನು ಹೇಳಲಿಲ್ಲ, ಲಕ್ಷ್ಮಮ್ಮನೇ ಹೇಳಿದರು. ಯಜಮಾನರು ತುಂಬಾ ಹೊತ್ತು ಏನೂ ಮಾತಾಡಲಿಲ್ಲ. ಕೊನೆಗೆ "ಅಷ್ಟಕ್ಕೆ ಮೂರು ತಿಂಗಳು ಮನೆ ಬಿಟ್ಟಿದ್ಯಾ?" ಅಂತ ಕೇಳಿದರು.

ಮನೆಯವರಿಗೆ ಒಂದು ಮಾತು ಹೇಳಿದೆ. "ಈಗ ಎಷ್ಟು ಚೆನ್ನಾಗಿ ಕಾಣ್ತೀಯ" ಅಂತ ಸಮಾಧಾನ ಮಾಡೋಕೆ ಹೋಗಬೇಡಿ. ಹಲ್ಲು ಹೋಗಿದ್ದಕ್ಕೆ ಅವರು ಅಳಬೇಕು ಅಂದರೆ ಅಳಲಿ. ಐವತ್ತು ವರ್ಷಕ್ಕಿಂತ ಜಾಸ್ತಿ ಜೊತೆಗಿದ್ದ ಹಲ್ಲು ಅವು.

ಎರಡು ತಿಂಗಳಾಯಿತು. ರಾತ್ರಿ ಸೆಟ್ಟನ್ನು ಮೆತ್ತನೆ ಬ್ರಷ್ಷಿನಲ್ಲಿ ಸೋಪು ಹಾಕಿ ತೊಳೆದು, ತಣ್ಣೀರಿನ ಡಬ್ಬಿಯಲ್ಲಿ ಇಡುತ್ತಾರೆ. ಬಿಸಿನೀರಿಗೆ ಹಾಕಿದರೆ ಸೆಟ್ಟಿನ ಆಕಾರ ಕೆಡುತ್ತೆ ಅನ್ನೋದು ಈಗ ಗೊತ್ತು. ಸೆಟ್ಟು ಒತ್ತಿ ಆಗಿದ್ದ ಹುಣ್ಣು ಮಾಗಿದೆ. ಮೊದಲ ವರ್ಷ ದವಡೆ ಮೂಳೆ ಸವೆಯುತ್ತಾ ಹೋಗುವುದರಿಂದ, ಮುಂದೆ ಸೆಟ್ಟಿಗೆ ಒಳಪದರ ಹಾಕಿಸಬೇಕಾಗಬಹುದು. ಮಾತು ತೊದಲುತ್ತೆ ಅಂತ, ಫೋನ್ ಬಂದರೆ ಈಗಲೂ ಯಜಮಾನರ ಕೈಗೆ ಕೊಡುತ್ತಾರೆ. ಈ ವಾರ ತಂಗಿಗೆ ಒಂದು ಸಲ ತಾವೇ ಫೋನ್ ಮಾಡುತ್ತೇನೆ ಅಂತ ಒಪ್ಪಿದ್ದಾರೆ.