ಡಿಗ್ರಿ ಬಿಟ್ಟು ವೇದ, ಉಪನಿಷತ್ತು ಓದ್ಕೊಂಡ್ರೆ ಸಾಲಲ್ವಾ?

ಬಿಕಾಂ ಎರಡನೇ ವರ್ಷ, ಕ್ಲಾಸಲ್ಲಿ ಮನಸ್ಸಿಲ್ಲ, ಶಾಸ್ತ್ರದಲ್ಲೇ ಎಲ್ಲ ಜ್ಞಾನ ಇರೋವಾಗ ಕಾಲೇಜ್ ಯಾಕೆ, ಬಿಟ್ಟು ಪಾಠಶಾಲೆ ಸೇರಲಾ ಅಂತ ಕೇಳಿದೀರ. ಓದ್ತಾ ಓದ್ತಾ ಇದನ್ನ ನಾನೇ ಬರ್ದಿದ್ನಾ ಅನ್ನಿಸಿಬಿಡ್ತು. 2011ರಲ್ಲಿ ನಮ್ಮಪ್ಪನ ಹತ್ರ ಇದೇ ಡೈಲಾಗ್ ಹೊಡ್ದಿದ್ದೆ, ರಾತ್ರಿ ಊಟಕ್ಕೆ ಕೂತಾಗ. ಅಪ್ಪ ಏನೂ ಮಾತಾಡ್ಲಿಲ್ಲ, ಮಜ್ಜಿಗೆ ಹಾಕಿಸ್ಕೊಳ್ದೇ ಎದ್ದು ಕೈ ತೊಳ್ಕೊಂಡ್ರು.

ನಂದು ಬಿಎಸ್ಸಿ, ಪಿಸಿಎಂ. 2008ರಲ್ಲಿ ಸೇರಿದ್ದು. ಫೈನಲ್ ಇಯರ್ ಹೊತ್ತಿಗೆ ಮ್ಯಾಥ್ಸಲ್ಲಿ ಎರಡು ಪೇಪರ್ ಬಾಕಿ ಉಳ್ಕೊಂಡಿತ್ತು. ಅದೇ ಟೈಮಲ್ಲಿ ನಮ್ಮೂರ ಹತ್ರ ಒಂದು ಅತಿರುದ್ರ ನಡೀತು, ರುದ್ರಮಂತ್ರ ಸಾವಿರಾರು ಸಲ ಹೇಳೋ ದೊಡ್ಡ ಯಾಗ ಅದು, 121 ಜನ ಋತ್ವಿಕರು, 11 ದಿನ. ನಾನು ನೀರು ಕೊಡೋಕೆ, ಬಾಳೆಎಲೆ ಎತ್ತೋಕೆ ಹೋಗಿದ್ದು. ಅಷ್ಟು ಜನ ಒಂದೇ ಶ್ರುತೀಲಿ ನಮಕ (ರುದ್ರದ ಮೊದಲ ಭಾಗ) ಹೇಳೋದು ಕೇಳಿದ್ರೆ ಎದೆಯೊಳಗೆ ಏನೋ ಆಗತ್ತೆ, ಕೇಳಿದೋರಿಗೇ ಗೊತ್ತು. ಅಲ್ಲೇ ತೀರ್ಮಾನ ಮಾಡ್ಬಿಟ್ಟೆ. ಆರನೇ ಸೆಮ್ ಕ್ಲಾಸ್ ಎಲ್ಲ ಮುಗ್ದಿತ್ತು, ಅಟೆಂಡೆನ್ಸ್ ಇತ್ತು, ಹಾಲ್ ಟಿಕೆಟ್ ಕೈಗೆ ಬಂದಿತ್ತು, ಎಕ್ಸಾಂ ಬರೀದೇ ಬ್ಯಾಗ್ ಕಟ್ಟಿದೆ.

ಪಾಠಶಾಲೇಲಿ ನನ್ನ ಪಕ್ಕ ಕೂರ್ತಿದ್ದೋನಿಗೆ ಒಂಬತ್ತು ವರ್ಷ. ಉಪನಯನ ಆದ ತಕ್ಷಣ ಬರೋ ಹುಡುಗ್ರು ಅವ್ರು, ನಾನು ಮೀಸೆ ಬಂದೋನು. ಗುರುಗಳು ಒಂದ್ಸಲ ಹೇಳ್ತಾರೆ, ನಾವು ಎರಡ್ಸಲ ಹೇಳ್ಬೇಕು, ಇದಕ್ಕೆ ಸಂತೆ ಅಂತಾರೆ. ಸ್ವರ ಕೂರೋವರೆಗೂ ತಲೆ ಹಿಡ್ದು ಕಲಿಸ್ತಾರೆ, ತಲೆ ಹಿಡ್ದು ಅಂದ್ರೆ ನಿಜವಾಗ್ಲೂ ಹಿಡ್ದು: ಅನುದಾತ್ತಕ್ಕೆ (ತಗ್ಗಿದ ಸ್ವರ) ತಲೆ ಕೆಳಗೆ, ಸ್ವರಿತಕ್ಕೆ (ಏರಿದ ಸ್ವರ) ಮೇಲೆ. ಚಿಕ್ಕ ಹುಡುಗ್ರ ಕತ್ತು ಹೇಳ್ದಂಗೆ ಕೇಳತ್ತೆ, ನನ್ನ ಕತ್ತು ಮೊದಲ ಆರು ತಿಂಗಳು ಬರೀ ನೋವು. ಆದ್ರೂ ಐದು ವರ್ಷ ಕೂತೆ. ಕೃಷ್ಣಯಜುರ್ವೇದದ ತೈತ್ತಿರೀಯ ಸಂಹಿತೆ, 7 ಕಾಂಡ, 44 ಪ್ರಶ್ನ (ಪ್ರಶ್ನ ಅಂದ್ರೆ ಅಧ್ಯಾಯ), ಮೂಲ ಪೂರ್ತಿ ಬಾಯಿಗೆ ಬಂತು, ಪದಪಾಠ, ಅಂದ್ರೆ ಪದ ಪದ ಬಿಡಿಸಿ ಹೇಳೋದು, ಅರ್ಧ. ಆ ಐದು ವರ್ಷದ ಬಗ್ಗೆ ನಂಗೆ ಒಂದು ಚೂರೂ ಪಶ್ಚಾತ್ತಾಪ ಇಲ್ಲ, ಇದನ್ನ ಮೊದಲೇ ಹೇಳ್ಬಿಡ್ತೀನಿ, ಯಾಕಂದ್ರೆ ಮುಂದಿನದು ಓದಿ ಇವ್ನು ವೇದ ಬೈತಿದಾನೆ ಅಂತ ಯಾರಾದ್ರೂ ಜಗಳಕ್ಕೆ ಬರ್ತಾರೆ.

ನನ್ನ ತಪ್ಪು ಏನು ಅಂದ್ರೆ ಆಮೇಲೆ ಮತ್ತೆ ಎಕ್ಸಾಂ ಫಾರಂ ತುಂಬ್ಲಿಲ್ಲ. ಇಷ್ಟೇ. ಸಣ್ಣದು ಅನ್ಸತ್ತೆ ಅಲ್ವಾ, ಸ್ವಲ್ಪ ಬಿಡಿಸಿ ಹೇಳ್ತೀನಿ ಕೇಳಿ. ಯೂನಿವರ್ಸಿಟೀಲಿ ಡಬಲ್ ಡ್ಯುರೇಷನ್ ಅಂತ ಒಂದು ರೂಲ್ ಇರತ್ತೆ, ಮೂರು ವರ್ಷದ ಕೋರ್ಸ್ ಆದ್ರೆ ಸೇರಿದ ದಿನದಿಂದ ಆರು ವರ್ಷದೊಳಗೆ ಎಲ್ಲ ಪೇಪರ್ ಪಾಸ್ ಮಾಡ್ಕೋಬೇಕು, ಅದು ದಾಟಿದ್ರೆ ಬರ್ದಿದ್ದೆಲ್ಲ ಹೋಯ್ತು. ಅಂದ್ರೆ ನಂಗೆ 2014ರವರೆಗೂ ಟೈಮ್ ಇತ್ತು. ವರ್ಷಕ್ಕೆ ಎರಡ್ಸಲ ಎಕ್ಸಾಂ, ಕ್ಲಾಸಿಗೆ ಹೋಗ್ಬೇಕು ಅಂತಿಲ್ಲ, ಆರನೇ ಸೆಮ್ ಪೇಪರ್‌ಗಳು ಮತ್ತೆ ಹಳೇ ಎರಡು ಮ್ಯಾಥ್ಸ್, ಫೀಸ್ ಕಟ್ಟಿ ಬಂದು ಬರ್ದು ಹೋದ್ರೆ ಆಯ್ತು. ಓದೋಕೆ ಟೈಮ್ ಇರ್ಲಿಲ್ಲ ಅಂತ ಸುಳ್ಳು ಹೇಳೋಕೂ ಆಗಲ್ಲ. ಯಾಕಂದ್ರೆ ಪಾಠಶಾಲೇಲಿ ಅನಧ್ಯಯನ ಅಂತ ಬರತ್ತೆ, ಪಾಡ್ಯ, ಅಷ್ಟಮಿ, ಚತುರ್ದಶಿ, ಆಮೇಲೆ ಹುಣ್ಣಿಮೆ ಅಥವಾ ಅಮಾವಾಸ್ಯೆ, ಪಕ್ಷಕ್ಕೆ ನಾಲ್ಕು ದಿನ, ತಿಂಗಳಿಗೆ ಎಂಟು ದಿನ ಹೊಸ ಪಾಠ ಇಲ್ಲ. ಮೂರು ವರ್ಷಕ್ಕೆ ಲೆಕ್ಕ ಹಾಕಿ, ಹತ್ರ ಹತ್ರ 290 ದಿನ! ನಾನು ಆ ದಿನ ಪಂಚೆ ಒಗೀತಿದ್ದೆ, ಮಧ್ಯಾಹ್ನ ನಿದ್ದೆ ಹೊಡೀತಿದ್ದೆ. ಹಾಲ್ ಟಿಕೆಟ್ ಎಲ್ಲಿತ್ತು ಗೊತ್ತಾ, ಸಂಹಿತೆ ಪುಸ್ತಕದಲ್ಲಿ ಗುರುತಿಗೆ ಇಟ್ಕೊಂಡಿದ್ದೆ, ದಿನಾ ನೋಡ್ತಿದ್ದೆ, ದಿನಾ ಪುಟ ಮುಚ್ತಿದ್ದೆ. ಮರೆತು ಬಿಟ್ಟಿದ್ದಲ್ಲ. ಎಕ್ಸಾಂ ಕಟ್ಟಿದ್ರೆ ನಾನು ಬಿಟ್ಟು ಬಂದಿದ್ದು ವೈರಾಗ್ಯದಿಂದ ಅಲ್ಲ, ಮ್ಯಾಥ್ಸ್ ಭಯಕ್ಕೆ ಅಂತ ನಂಗೇ ಪ್ರೂವ್ ಆಗೋಗತ್ತೆ ಅನ್ನೋ ಅಹಂಕಾರ.

ಸಂಹಿತೆಯ ಎರಡನೇ ಕಾಂಡದಲ್ಲಿ ತ್ವಷ್ಟೃ ಅನ್ನೋ ದೇವತೆಯ ಕಥೆ ಬರತ್ತೆ. ಇಂದ್ರನ್ನ ಕೊಲ್ಲೋ ಮಗ ಬೇಕು ಅಂತ 'ಇಂದ್ರಶತ್ರು' ಅಂತ ಆಹುತಿ ಹಾಕ್ದ, ಸ್ವರ ಒಂದು ಕಡೆ ತಪ್ಪಿ 'ಇಂದ್ರನ್ನ ಕೊಲ್ಲೋನು' ಅನ್ನೋ ಅರ್ಥ 'ಇಂದ್ರನ ಕೈಲಿ ಸಾಯೋನು' ಅಂತ ಉಲ್ಟಾ ಆಯ್ತು, ಇಂದ್ರನೇ ಆ ಮಗನ್ನ ಕೊಂದ. ಗುರುಗಳು ಇದನ್ನ ನೂರು ಸಲ ಹೇಳಿದಾರೆ, ಒಂದು ಸಣ್ಣ ತಪ್ಪು ಏನ್ ಮಾಡತ್ತೆ ನೋಡ್ರೋ ಅಂತ. ನಾನು ತಲೆ ಆಡಿಸ್ಕೊಂಡು ಕೇಳ್ತಿದ್ದೆ.

2016ರಲ್ಲಿ ಸಂಸ್ಕೃತ ಎಂಎ ಮಾಡೋಣ ಅಂತ ಹೊರಟಾಗ ಮೊದಲು ಕೇಳಿದ್ದೇ ಡಿಗ್ರಿ ಸರ್ಟಿಫಿಕೇಟ್. ಯೂನಿವರ್ಸಿಟಿ ಪರೀಕ್ಷಾ ವಿಭಾಗಕ್ಕೆ ಹೋದೆ. ಗುಮಾಸ್ತರು ರಿಜಿಸ್ಟರ್ ನಂಬರ್ ಹೊಡ್ದು ನೋಡಿ, "ಸ್ವಾಮಿ, ಇದು ಲ್ಯಾಪ್ಸ್ ಆಗಿ ಎರಡು ವರ್ಷ ಆಯ್ತಲ್ಲ" ಅಂದ್ರು. ಪಾಪ ಒಳ್ಳೇ ಮನುಷ್ಯ, ನನ್ನ ಮುಖ ನೋಡಿ ಕೂರ್ಸಿ ಟೀ ತರಿಸಿದ್ರು, ಆಮೇಲೆ ನನ್ನ ಜುಟ್ಟು ನೋಡಿ ಮೆಲ್ಲಗೆ, "ಮಗಳ ಮದುವೆಗೆ ಒಂದು ಮುಹೂರ್ತ ಇಟ್ಕೊಡ್ತೀರಾ" ಅಂದ್ರು. ಬರಲ್ಲ ಸರ್ ಅಂದೆ. ಅವ್ರು ನಂಬ್ಲಿಲ್ಲ. ನಿಜವಾಗ್ಲೂ ಬರ್ತಿರ್ಲಿಲ್ಲ! ಜ್ಯೋತಿಷ ಬೇರೆ ಶಾಸ್ತ್ರ. ಮದುವೆ ಮಾಡಿಸೋ ಪ್ರಯೋಗ, ಅಂದ್ರೆ ಕರ್ಮ ಮಾಡಿಸೋ ಕ್ರಮ, ಅದನ್ನೂ ಬೇರೆ ಕಲಿಬೇಕು. ಅಷ್ಟ್ಯಾಕೆ, ಬಾಯಿಗೆ ಬಂದ 44 ಪ್ರಶ್ನದಲ್ಲಿ ಬಹಳಷ್ಟಕ್ಕೆ ಅರ್ಥವೇ ನಂಗೆ ಗೊತ್ತಿರ್ಲಿಲ್ಲ, ಅಧ್ಯಯನ ಅಂದ್ರೆ ಕಂಠಪಾಠ, ಭಾಷ್ಯ ಅದಾದ್ಮೇಲಿಂದು. ಅರ್ಥ ತಿಳೀದೇ ವೇದ ಹೇಳೋನು ಭಾರ ಹೊತ್ತ ಕಂಬ ಅಂತ ಯಾಸ್ಕರು, ವೇದದ ಪದಗಳಿಗೆ ಅರ್ಥ ಬಿಡಿಸೋ ನಿರುಕ್ತದಲ್ಲೇ ಹೇಳಿದಾರೆ. ಆ ಆಫೀಸಲ್ಲಿ ಟೀ ಕಪ್ ಹಿಡ್ಕೊಂಡು ಕೂತಿದ್ದ ಕಂಬ ನಾನು.

ಅದಕ್ಕೇ 'ಶಾಸ್ತ್ರದಲ್ಲೇ ಎಲ್ಲ ಇದೆ' ಅನ್ನೋ ನಿಮ್ಮ ಮಾತನ್ನ ನಾನು ಒಪ್ಪಲ್ಲ. ಶಾಸ್ತ್ರವೇ ಒಪ್ಪಲ್ಲ ಕಣ್ರೀ. ಮುಂಡಕ ಉಪನಿಷತ್ತು ತೆಗ್ದು ನೋಡಿ, ನಾಲ್ಕು ವೇದವನ್ನೂ, ಶಿಕ್ಷಾ ವ್ಯಾಕರಣ ಜ್ಯೋತಿಷ ಎಲ್ಲದರ ಜೊತೆಗೆ, ಅಪರಾ ವಿದ್ಯೆ, ಅಂದ್ರೆ ಕೆಳಗಿನ ದರ್ಜೆ ವಿದ್ಯೆ ಅಂತ ಪಕ್ಕಕ್ಕಿಡತ್ತೆ. ಛಾಂದೋಗ್ಯ ಉಪನಿಷತ್ತಲ್ಲಿ ನಾರದರು ಸನತ್ಕುಮಾರರ ಹತ್ರ ಹೋಗಿ ನಾನು ಓದಿದ್ದು ಇಷ್ಟು ಅಂತ ಪಟ್ಟಿ ಕೊಡ್ತಾರೆ, ಅದ್ರಲ್ಲಿ ರಾಶಿ ಅಂತ ಬರತ್ತೆ, ಅದಕ್ಕೆ ಗಣಿತ ಅಂತ ಅರ್ಥ ಹೇಳಿದಾರೆ. ನಾರದರೇ ಮ್ಯಾಥ್ಸ್ ಬಿಟ್ಟಿಲ್ಲ, ನಾನು ಎರಡು ಪೇಪರ್‌ಗೆ ಹೆದರಿ ಓಡೋದೆ.

ಹೊಟ್ಟೆಪಾಡಿನ ವಿಷ್ಯನೂ ಹೇಳ್ಬೇಕು. ಆಮೇಲೆ ಪ್ರಯೋಗ ಕಲ್ತು ಬೆಂಗಳೂರಲ್ಲಿ ಪೌರೋಹಿತ್ಯ ಮಾಡಿದೆ. ಶ್ರಾವಣದಲ್ಲಿ ಉಸಿರಾಡೋಕೆ ಟೈಮ್ ಇರಲ್ಲ, ಆಷಾಢದಲ್ಲಿ, ಧನುರ್ಮಾಸದಲ್ಲಿ ಫೋನ್ ರಿಂಗಾಗಲ್ಲ. ದುಡ್ಡು ಪರ್ವಾಗಿಲ್ಲ, ಸುಳ್ಳು ಹೇಳಲ್ಲ. ಆದ್ರೆ ಹೆಣ್ಣು ಸಿಗಲ್ಲ. ಜೋಕ್ ಅಲ್ಲ ಇದು, 2021ರಲ್ಲಿ ರಾಜ್ಯ ಬ್ರಾಹ್ಮಣ ಅಭಿವೃದ್ಧಿ ಮಂಡಳಿ ಮೈತ್ರೇಯಿ ಅಂತ ಯೋಜನೆ ತಂತು, ಅರ್ಚಕ ಪುರೋಹಿತರನ್ನ ಮದುವೆಯಾಗೋ ಬಡ ಹೆಣ್ಣುಮಕ್ಕಳಿಗೆ 3 ಲಕ್ಷದ ಬಾಂಡ್. ಅಷ್ಟರ ಮಟ್ಟಿಗೆ ಕಷ್ಟ ಇದೆ ಅಂತಾಯ್ತಲ್ಲ.

ಬೇರೆ ದಾರಿ ಇಲ್ವಾ ಅಂದ್ರೆ ಇದೆ. ಚಿಕ್ಕ ವಯಸ್ಸಲ್ಲೇ ಸೇರೋ ಹುಡುಗರಿಗೆ ಉಜ್ಜಯಿನಿಯ ಮಹರ್ಷಿ ಸಾಂದೀಪನಿ ವೇದ ಬೋರ್ಡಿನ ವೇದಭೂಷಣ, ವೇದವಿಭೂಷಣ ಪರೀಕ್ಷೆಗಳಿವೆ, ಹತ್ತನೇ ಕ್ಲಾಸಿಗೆ, ಪಿಯುಸಿಗೆ ಸಮ. ನೀವು ಆ ವಯಸ್ಸು ದಾಟಿದೀರ. ನಮ್ಮ ಪಾಠಶಾಲೇಲಂತೂ ಯಾವ ಬೋರ್ಡಿನ ಪರೀಕ್ಷೆಯೂ ಇರ್ಲಿಲ್ಲ.

ನಾನು ಮತ್ತೆ ಮೊದಲಿಂದ ಡಿಸ್ಟೆನ್ಸಲ್ಲಿ ಬಿಎ ಕಟ್ಟಿದೆ, ಮೂರು ವರ್ಷ, ಆಮೇಲೆ ಎಂಎ ಎರಡು ವರ್ಷ. ಈಗ ಒಂದು ಖಾಸಗಿ ಪಿಯು ಕಾಲೇಜಲ್ಲಿ ಸಂಸ್ಕೃತ ಹೇಳ್ಕೊಡ್ತೀನಿ, ಬೆಳಗ್ಗೆ ಕಾಲೇಜಿಗೆ ಮುಂಚೆ ಎರಡು ಪ್ರಶ್ನ ಪಾರಾಯಣ, ಇಲ್ದಿದ್ರೆ ಮರ್ತೋಗತ್ತೆ. ನಿಮಗೆ ಇನ್ನೊಂದು ವರ್ಷ ಇದೆ, ಡಿಗ್ರಿ ಮುಗಿಸ್ಕೊಂಡು ಹೋಗಿ, ವೇದ ಎಲ್ಲೂ ಓಡೋಗಲ್ಲ. ಸಂಜೆ ಹೊತ್ತು ಯಾರ ಹತ್ರಾದ್ರೂ ರುದ್ರಕ್ಕೋ ಪುರುಷಸೂಕ್ತಕ್ಕೋ ಈಗ್ಲೇ ಕೂತ್ಕೊಳಿ, ಒಂದು ತಿಂಗಳು ಕತ್ತು ನೋವು ತಡ್ಕೋತೀರಾ ನೋಡೋಣ.

ಅಂದಹಾಗೆ, ಇಷ್ಟುದ್ದ ಪ್ರಶ್ನೇಲಿ ಎಲ್ಲ ಬರ್ದಿದೀರ, ಎಷ್ಟು ಸಬ್ಜೆಕ್ಟ್ ಬ್ಯಾಕ್ ಇದೆ ಅಂತ ಮಾತ್ರ ಬರ್ದಿಲ್ಲ. ಎಷ್ಟಿದೆ?