ಜೌಗು ನೆಲದಲ್ಲಿ ನೀರು ನಿಂತಿರುತ್ತದೋ, ಹರಿಯುತ್ತದೋ? ಅದನ್ನು ಅಳೆಯುವುದು ಹೇಗೆ?

ನಿಂತ ಹಾಗೆ ಕಾಣುತ್ತದೆ, ಆದರೆ ಹರಿಯುತ್ತಲೇ ಇರುತ್ತದೆ. ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ರಾಮಪತ್ರೆ ಜಡ್ಡಿಯನ್ನೇ (ರಾಮಪತ್ರೆ ಮರಗಳಿರುವ ಜೌಗು ಕಾಡು) ತಗೊಳ್ಳಿ: ಗುಡ್ಡದಲ್ಲಿ ಇಂಗಿದ ಮಳೆನೀರು ಕಣಿವೆಯ ತಳದಲ್ಲಿ ಒಸರಿ, ಬೇರು-ಕೆಸರಿನ ನಡುವೆ ತೆವಳುತ್ತಾ ಹಳ್ಳ ಸೇರುತ್ತದೆ.

ಇಷ್ಟು ನಿಧಾನದ ನೀರಿಗೆ ನದಿಯಲ್ಲಿ ಬಳಸುವ ತಿರುಗುವ ಮೀಟರು ಅಷ್ಟಾಗಿ ಒಗ್ಗದು. ನೀರು ಹೊರಬೀಳುವ ಕಡೆ 'ವಿ' ಆಕಾರದ ಕಚ್ಚು (ಸೀಳು) ಇರುವ ಹಲಗೆ ಅಡ್ಡ ನಿಲ್ಲಿಸಿ, ಕಚ್ಚಿನಲ್ಲಿ ನೀರು ಎಷ್ಟು ಎತ್ತರ ಇದೆ ಎಂಬುದರಿಂದ ಹರಿವನ್ನು ಲೆಕ್ಕ ಹಾಕುತ್ತಾರೆ. ಕಚ್ಚು 90 ಡಿಗ್ರಿಯದಾಗಿದ್ದು, ಅದರ ಕೆಳತುದಿಯಿಂದ ಮೇಲೆ 10 ಸೆಂ.ಮೀ. ನೀರಿದ್ದರೆ ಸೆಕೆಂಡಿಗೆ ಸುಮಾರು 4.4 ಲೀಟರ್ ಹರಿಯುತ್ತದೆ, 20 ಸೆಂ.ಮೀ. ಆದರೆ ಎರಡು ಪಟ್ಟಲ್ಲ, ಹತ್ತಿರಹತ್ತಿರ 25 ಲೀಟರ್! ನೆಲದಡಿಯ ಚಲನೆ ತಿಳಿಯಲು ತೂತಿನ ಪೈಪುಗಳನ್ನು ಅಲ್ಲಲ್ಲಿ ಹೂತು ನೀರಿನ ಮಟ್ಟ ಹೋಲಿಸುತ್ತಾರೆ. ನಿಜವಾದ ತಲೆನೋವು ಆವಿಯಾಗಿ ಹೋಗುವ ನೀರು. ಅದನ್ನು ಹೆಚ್ಚಾಗಿ ಬಿಸಿಲು, ಗಾಳಿ, ತೇವಾಂಶದ ಅಂಕಿಗಳಿಂದ ಅಂದಾಜು ಮಾಡುವುದೇ.